ನೊರೆ ಜಾಸ್ತಿಯಾದರೆ ಕೊಳೆ ಹೋಗುತ್ತದೆಯೇ?

ಕೇಳುಗರೆಲ್ಲರಿಗೂ ನಮಸ್ಕಾರ. ಬಟ್ಟೆ ಒಗೆಯುವ ಮಷೀನಿನ ವಿಷಯ ಮಾತಾಡೋಣ. ನಮ್ಮಲ್ಲಿ ಬಹಳ ಮಂದಿಗೆ ನೊರೆ ಕಂಡರೇನೇ ಸಮಾಧಾನ. ಗಾಜಿನ ಬಾಗಿಲಿನಾಚೆ ಬುರುಬುರು ನೊರೆ ಏಳದಿದ್ದರೆ ಇನ್ನೊಂದು ಚಮಚ ಪುಡಿ ಸುರಿದುಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಮುಂದೆ ಬಾಗಿಲಿರುವ ಮಷೀನು, ಅಂದರೆ ಫ್ರಂಟ್ ಲೋಡ್, ಹೇಗೆ ಒಗೆಯುತ್ತದೆ ನೋಡಿ. ಡ್ರಮ್ಮಿನ ಒಳಗೆ ಉಬ್ಬಿದ ಪಟ್ಟಿಗಳಿರುತ್ತವೆ. ಅವು ಒದ್ದೆ ಬಟ್ಟೆಯನ್ನು ಮೇಲಕ್ಕೆ ಹೊತ್ತೊಯ್ದು ಧೊಪ್ಪನೆ ಕೆಳಕ್ಕೆ ಬೀಳಿಸುತ್ತವೆ. ಒಗೆಯೋ ಕಲ್ಲಿನ ಮೇಲೆ ಬಟ್ಟೆ ಕುಕ್ಕಿದ ಹಾಗೆಯೇ. ಕೊಳೆ ಬಿಡುವುದು ಆ ಪೆಟ್ಟಿಗೆ. ನೊರೆ ತುಂಬಿಕೊಂಡರೆ ಬಟ್ಟೆ ಮೆತ್ತಗೆ ಅದರ ಮೇಲೆ ಬೀಳುತ್ತದೆ, ಪೆಟ್ಟೇ ತಗಲುವುದಿಲ್ಲ. ಡ್ರಮ್ಮಿಗೆ ಬಟ್ಟೆ ತುರುಕಿದರೂ ಅಷ್ಟೇ, ಬೀಳಲು ಜಾಗ ಎಲ್ಲಿ? ಮೇಲ್ಗಡೆ ಒಂದು ಅಂಗೈ ತೂರುವಷ್ಟಾದರೂ ಖಾಲಿ ಇರಲಿ. ಟಾಪ್ ಲೋಡಿನ ಪುಡಿ ಇದಕ್ಕೆ ಬೇಡ ಅನ್ನುವುದೂ ಇದಕ್ಕೇ, ಅದರಲ್ಲಿ ನೊರೆ ಜಾಸ್ತಿ.

ಬೋರ್‌ವೆಲ್ ನೀರಿನವರ ಕಥೆ ಬೇರೆ. ಗಡಸು ನೀರಾದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಹಾಕಿದ ಪುಡಿಯ ಒಂದು ಪಾಲು ಅವುಗಳ ಜೊತೆ ಗುದ್ದಾಡುವುದರಲ್ಲೇ ಮುಗಿಯುತ್ತದೆ. ಅಂಥವರು ತುಸು ಹೆಚ್ಚು ಹಾಕಲೇಬೇಕು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದು ದಿನ ಕಾವೇರಿ, ಇನ್ನೊಂದು ದಿನ ಟ್ಯಾಂಕರ್ ನೀರು. ಪುಡಿಯ ಅಳತೆಯೂ ಅದರಂತೆ ಬದಲಾಗಬೇಕು ಅಲ್ವಾ? ನೀರು ಕಾಯಿಸುವ ಕಾಯಿಲ್‌ಗೂ ಬಿಳಿ ಪೊರೆ ಕಟ್ಟುತ್ತದೆ. ಆಗಾಗ ಬಟ್ಟೆಯಿಲ್ಲದೆ, ಸಿಟ್ರಿಕ್ ಆಸಿಡ್ ಪುಡಿ ಹಾಕಿ ಬಿಸಿನೀರಲ್ಲಿ ಓಡಿಸಿದರೆ ಕರಗುತ್ತದೆ.

ಬೆಡ್‌ಶೀಟು, ದಿಂಬಿನ ಕವರು, ಟವಲ್ಲಿಗೆ 60 ಡಿಗ್ರಿ ಬಿಸಿ ಒಳ್ಳೆಯದು. ಹಾಸಿಗೆಯಲ್ಲಿ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಧೂಳಿನ ಹುಳಗಳು ಆ ಬಿಸಿಗೆ ಸಾಯುತ್ತವೆ. ರಕ್ತ, ಹಾಲು, ಮೊಟ್ಟೆಯ ಕಲೆಗೆ ಮಾತ್ರ ತಣ್ಣೀರೇ ಸರಿ. ಬಿಸಿ ತಾಗಿದರೆ ನೂಲಿಗೆ ಕಚ್ಚಿಕೊಂಡುಬಿಡುತ್ತದೆ.

ಇನ್ನು ಸಾರು ಚೆಲ್ಲಿದ ಬಿಳಿ ಪಂಚೆ. ಸೋಪು ತಾಗಿದ್ದೇ ತಡ, ಅರಿಶಿನದ ಕಲೆ ಕೆಂಪಗಾಗುತ್ತದೆ. ಗಾಬರಿ ಬೇಡ. ಆರತಿ ತಟ್ಟೆಯ ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪೇರುವುದೂ ಇದೇ ಕಾರಣಕ್ಕೆ, ಸುಣ್ಣದಲ್ಲೂ ಸೋಪಿನಲ್ಲೂ ಕ್ಷಾರವಿದೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ. ರೇಷ್ಮೆ ಸೀರೆಯನ್ನಂತೂ ದಯವಿಟ್ಟು ಮಷೀನಿಗೆ ತೋರಿಸಬೇಡಿ.

ಮಳೆಗಾಲದಲ್ಲಿ ಬಟ್ಟೆಗೆ ಮುಗ್ಗಲು ವಾಸನೆ ಅಂತ ಕೆಲವರು ಘಮಘಮ ದ್ರವ ಸುರಿಯುತ್ತಾರೆ. ಮೊದಲು ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆ ಬಿಡಿಸಿ ನೋಡಿ. ನೀರು ನಿಂತು ಕಪ್ಪಗೆ ಬೂಸ್ಟು ಹಿಡಿದಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಣ್ಣಿಡಿ. ಕೆಳಮೂಲೆಯ ಫಿಲ್ಟರನ್ನೂ ಬಿಚ್ಚಿ ತೊಳೆಯಿರಿ. ಬಿಚ್ಚುವ ಮೊದಲು ಅಡಿಗೊಂದು ತಟ್ಟೆ ಇಡಿ, ಇಲ್ಲದಿದ್ದರೆ ನೀರೆಲ್ಲ ನೆಲಕ್ಕೆ. ನಮಸ್ಕಾರ.