ಬೆಟ್ಟ ಮರಳಾಗುವ ದಾರಿ: ಶಿಥಿಲೀಕರಣ, ಸವೆತ, ಸಂಚಯನ

[ಪರದೆ ಮೇಲೆ: ಗ್ರಾನೈಟ್ ತುಂಡು, ತುಂಬಾ ಹತ್ತಿರದಿಂದ]

ನಮಸ್ಕಾರ. ಈ ಗ್ರಾನೈಟ್ ತುಂಡನ್ನು ಒಮ್ಮೆ ಸರಿಯಾಗಿ ನೋಡಿ. ದೂರದಿಂದ ಬರೀ ಬೂದು ಬಣ್ಣ. ಹತ್ತಿರ ಹೋದರೆ ಬೇರೆ ಬೇರೆ ಹರಳುಗಳು ಒಂದನ್ನೊಂದು ಕಚ್ಚಿಕೊಂಡು ಕೂತಿರುವುದು ಕಾಣುತ್ತದೆ. ಬೂದು ಬಣ್ಣದಲ್ಲಿ ಹೊಳೆಯುವುದು ಕ್ವಾರ್ಟ್ಜ್, ನಮ್ಮ ಮಾತಿನಲ್ಲಿ ಬೆಣಚುಕಲ್ಲು. ಬಿಳಿ ಅಥವಾ ನಸುಗೆಂಪಾಗಿರುವುದು ಫೆಲ್ಡ್‌ಸ್ಪಾರ್. ಕಪ್ಪಗೆ ಮಿನುಗುವ ತೆಳು ಪದರಗಳು ಕಾಗೆಬಂಗಾರ. ಈ ಕಲ್ಲು ಬೆಟ್ಟದ ನೆತ್ತಿಯಲ್ಲಿದೆ ಅಂದುಕೊಳ್ಳಿ. ಕಾಲ ಕಳೆದಂತೆ ಇದರ ಬೆಣಚು ಸಮುದ್ರದ ದಡದಲ್ಲಿ ಮರಳಾಗಿ ಬಿದ್ದಿರುತ್ತದೆ. ಫೆಲ್ಡ್‌ಸ್ಪಾರ್ ಮಾತ್ರ ಜೇಡಿಮಣ್ಣಾಗಿ ಕಡಲ ತಳ ಸೇರಿರುತ್ತದೆ. ಒಂದೇ ಕಲ್ಲಿನಲ್ಲಿದ್ದವು, ದಾರಿ ಯಾಕೆ ಬೇರೆಯಾಯಿತು?

ಇದರ ಹಿಂದೆ ಮೂರು ಕೆಲಸಗಳಿವೆ. ಬಂಡೆ ಇದ್ದ ಜಾಗದಲ್ಲೇ ಒಡೆಯುವುದು, ಕರಗುವುದು, ಕೊಳೆಯುವುದು ಶಿಥಿಲೀಕರಣ. ಸಡಿಲವಾದದ್ದನ್ನು ನೀರು, ಗಾಳಿ, ಹಿಮ ಕಿತ್ತು ಸಾಗಿಸುವುದು ಸವೆತ. ಸಾಗಿಸುವ ಶಕ್ತಿ ಕುಂದಿದಾಗ ಹೊತ್ತು ತಂದದ್ದು ನೆಲ ಕಾಣುವುದು ಸಂಚಯನ. ಮೊದಲೆರಡನ್ನು ಒಂದೇ ಅಂದುಕೊಳ್ಳುವವರೇ ಜಾಸ್ತಿ. ಗುರುತು ಸುಲಭ. ಚೂರು ಜಾಗ ಬಿಟ್ಟು ಹೊರಟಿತಾ? ಹಾಗಾದರೆ ಅದು ಸವೆತ.

[ಪರದೆ ಮೇಲೆ: ಬಂಡೆಯ ಬಿರುಕು, ಒಳಗೆ ನೀರು ಹೆಪ್ಪುಗಟ್ಟುತ್ತಿದೆ]

ಮೊದಲು ಬಂಡೆ ಒಡೆಯಬೇಕಲ್ವಾ? ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬಿರುಕಿನೊಳಗೆ ಹಿಗ್ಗಿದರೆ ಬಂಡೆಯನ್ನೇ ಸೀಳುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಎತ್ತರದ ಬೆಟ್ಟಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಅಲ್ಲಿನ ಕಡಿದಾದ ಬಂಡೆಗಳ ಬುಡದಲ್ಲಿ ಚೂಪು ಅಂಚಿನ ಕಲ್ಲುಗಳ ರಾಶಿ ಬಿದ್ದಿರುವುದಕ್ಕೆ ಮುಖ್ಯ ಕಾರಣ ಇದೇ. ಗಿಡಮರಗಳ ಬೇರೂ ಬಿರುಕನ್ನು ಅಗಲ ಮಾಡುತ್ತದೆ. ಗ್ರಾನೈಟ್‌ಗೆ ಇನ್ನೊಂದು ಗುಣವಿದೆ. ಅದು ಹುಟ್ಟುವುದು ನೆಲದಾಳದ ಭಾರಿ ಒತ್ತಡದಲ್ಲಿ. ಮೇಲಿನ ಬಂಡೆ ಸವೆದು ಹೋದಂತೆ ಒತ್ತಡ ಇಳಿದು, ಕಲ್ಲು ಹಿಗ್ಗಿ, ಪದರ ಪದರವಾಗಿ ಕಳಚುತ್ತದೆ. ಅಮೆರಿಕದ ಯೊಸೆಮಿಟಿಯ ಬೋಳು ಗುಡ್ಡಗಳಿಗೆ ಆ ದುಂಡು ಆಕಾರ ಬಂದದ್ದು ಹೀಗೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಥೆ ಮಳೆಯದು. ಬೀಳುವ ಹನಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಮಣ್ಣಿನೊಳಗೆ ಇಳಿದಾಗ ಇನ್ನಷ್ಟು ಹೀರಿಕೊಳ್ಳುತ್ತದೆ. ಈ ನೀರು ತಾಗಿದ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಮಣ್ಣಾಗುತ್ತದೆ. ಅದರಲ್ಲಿದ್ದ ಪೊಟ್ಯಾಸಿಯಂ, ಸೋಡಿಯಂ ನೀರಲ್ಲಿ ಕರಗಿ ಹೋಗುತ್ತವೆ. ಬೆಣಚಿಗೆ ಮಾತ್ರ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಪಕ್ಕದ ಹರಳು ಕೊಳೆತು ಹಿಡಿತ ತಪ್ಪಿದಾಗ ಅದು ಇಡೀ ಕಾಳಾಗಿಯೇ ಉದುರುತ್ತದೆ. ಎಷ್ಟೋ ಕಡಲತೀರಗಳ ಮರಳಿನಲ್ಲಿ ಬೆಣಚೇ ಜಾಸ್ತಿ ಯಾಕೆ ಅಂದರೆ, ಉಳಿದವೆಲ್ಲ ದಾರಿಯಲ್ಲೇ ಕರಗಿ, ಪುಡಿಯಾಗಿ ಹೋಗಿವೆ.

ಸುಣ್ಣದಕಲ್ಲಿನ ಪಾಡು ಬೇರೆ. ಅದು ಈ ನೀರಲ್ಲಿ ಪೂರ್ತಿ ಕರಗಿಯೇ ಬಿಡುತ್ತದೆ. ನೆಲದಡಿಯ ದೊಡ್ಡ ಗುಹೆಗಳು ಹುಟ್ಟುವುದು ಹೀಗೆ. ಅಮೆರಿಕದ ಮ್ಯಾಮತ್ ಗುಹೆಯಲ್ಲಿ ಈವರೆಗೆ ಅಳೆದ ದಾರಿಗಳೇ 680 ಕಿ.ಮೀ.ಗಿಂತ ಜಾಸ್ತಿ ಇವೆ.

[ಪರದೆ ಮೇಲೆ: ಹೊಳೆಯ ತಳ, ಉರುಳುವ ಮರಳು]

ಈಗ ಸಾಗಾಟ. ಹೊಳೆ ದೊಡ್ಡ ಕಲ್ಲನ್ನು ತಳದಲ್ಲಿ ಉರುಳಿಸುತ್ತದೆ, ಮರಳನ್ನು ಕುಪ್ಪಳಿಸುತ್ತಾ ಒಯ್ಯುತ್ತದೆ, ಜೇಡಿಯನ್ನು ಮೈತುಂಬಾ ಕಲಸಿಕೊಂಡು ಹರಿಯುತ್ತದೆ. ಚಿಕ್ಕ ಕಣವನ್ನು ಎಬ್ಬಿಸುವುದೇ ಸುಲಭ ಅನಿಸುತ್ತೆ ಅಲ್ವಾ? ಹಾಗಲ್ಲ. ಸ್ವೀಡನ್ನಿನ ಭೂಗೋಳ ವಿಜ್ಞಾನಿ ಫಿಲಿಪ್ ಯೂಲ್‌ಸ್ಟ್ರೋಮ್ 1935ರಲ್ಲಿ ಇದನ್ನು ಒಂದು ರೇಖಾಚಿತ್ರದಲ್ಲಿ ತೋರಿಸಿದರು. ಸಣ್ಣ ಮರಳು ಬೇಗ ಏಳುತ್ತದೆ. ಜೇಡಿಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವನ್ನು ಕೀಳಲು ಇನ್ನೂ ರಭಸದ ನೀರು ಬೇಕು. ಒಮ್ಮೆ ಎದ್ದರೆ ಮಾತ್ರ, ಮೆಲ್ಲಗೆ ಹರಿಯುವ ನೀರೂ ಅವನ್ನು ಬಹುದೂರ ಹೊತ್ತೊಯ್ಯುತ್ತದೆ. ಮರಳೂ ಜೇಡಿಯೂ ಬೇರೆಯಾಗುವುದು ಇಲ್ಲೇ.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ನೋಡಿ. ಉದ್ದ 446 ಕಿ.ಮೀ. ಆಳ 1.6 ಕಿ.ಮೀ.ಗಿಂತ ಹೆಚ್ಚು. ಕೆಲವು ಕಡೆ ಅಗಲ 29 ಕಿ.ಮೀ. ಇದನ್ನು ಹೆಚ್ಚಾಗಿ ಕಳೆದ 50–60 ಲಕ್ಷ ವರ್ಷಗಳಲ್ಲಿ ಕೊರೆದದ್ದು ಕೊಲೊರಾಡೊ ನದಿ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅರ್ಧ ಕಥೆ ಮಾತ್ರ ಇದೆ. ಆ ನದಿಯ ಅಗಲ ಸರಾಸರಿ 90 ಮೀಟರ್ ಇದ್ದೀತು. ಅದು ಕೊರೆದದ್ದು ಕೆಳಕ್ಕೆ. ಕಣಿವೆಯನ್ನು ಅಗಲ ಮಾಡಿದ್ದು ಶಿಥಿಲೀಕರಣ, ಜೊತೆಗೆ ಬಂಡೆ ಕುಸಿತ ಮತ್ತು ಪಕ್ಕದ ತೊರೆಗಳು. ಗೋಡೆ ಮೆಟ್ಟಿಲು ಮೆಟ್ಟಿಲಾಗಿರುವುದೂ ಅದಕ್ಕೇ. ಮೆತ್ತನೆಯ ಜೇಡುಕಲ್ಲು ಇಳಿಜಾರಾಗಿ ಸವೆಯಿತು. ಮರಳುಗಲ್ಲು, ಸುಣ್ಣದಕಲ್ಲು ನೆಟ್ಟಗೆ ನಿಂತವು. ಸುಣ್ಣದಕಲ್ಲು ಕರಗುತ್ತದೆ ಅಂದೆವಲ್ಲ? ಅಲ್ಲಿ ಮಳೆ ಕಡಿಮೆ, ಅದಕ್ಕೇ ಅದು ಗಟ್ಟಿ ಬಂಡೆಗಳ ಸಾಲಿಗೆ ಸೇರುತ್ತದೆ.

ಗಾಳಿ ಎತ್ತುವುದು ಸಣ್ಣ ಕಣಗಳನ್ನು ಮಾತ್ರ, ಆದರೆ ದೂರಕ್ಕೆ ಒಯ್ಯುತ್ತದೆ. ಸಹಾರಾದ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿಗೆ ರಂಜಕ ಒದಗಿಸುತ್ತದೆ. ಹಿಮನದಿ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ಉಪ್ಪುಕಾಗದದ ಹಾಗೆ ಬಂಡೆಯನ್ನು ಉಜ್ಜುತ್ತಾ ಸಾಗುತ್ತದೆ. ಅದು ಕರಗಿದಲ್ಲಿ ಹಿಟ್ಟಿನಷ್ಟು ನಯವಾದ ಪುಡಿಯೂ ಮನೆಯಷ್ಟು ದೊಡ್ಡ ಬಂಡೆಯೂ ಒಟ್ಟೊಟ್ಟಿಗೇ ಬಿದ್ದಿರುತ್ತವೆ. ನೀರು ಹಾಗೆ ಮಾಡುವುದಿಲ್ಲ. ವೇಗ ಇಳಿದಂತೆ ಮೊದಲು ಕಲ್ಲು, ಆಮೇಲೆ ಮರಳು, ಕೊನೆಗೆ ಜೇಡಿ ಬಿಡುತ್ತದೆ. ಹಾಗಾಗಿ ಪದರಗಳಲ್ಲಿ ಬರೀ ಕಾಳಿನ ಗಾತ್ರ ನೋಡಿದರೂ ಅಲ್ಲಿ ಹಿಂದೆ ಏನು ಹರಿಯುತ್ತಿತ್ತು ಎಂದು ಹೇಳಬಹುದು.

[ಪರದೆ ಮೇಲೆ: ಬಂಗಾಳ ಕೊಲ್ಲಿಯ ನಕ್ಷೆ]

ಸಂಚಯನದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅದು ಸರಿಯಲ್ಲ. ಗಂಗಾ, ಬ್ರಹ್ಮಪುತ್ರ ಹೊತ್ತು ತಂದ ಹಿಮಾಲಯದ ಮಣ್ಣು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿ.ಮೀ. ಉದ್ದಕ್ಕೆ ಹರಡಿದೆ. ಕೆಲವೆಡೆ ಅದರ ದಪ್ಪ 16 ಕಿ.ಮೀ. ದಾಟುತ್ತದೆ. ಎವರೆಸ್ಟ್‌ನ ಎತ್ತರಕ್ಕಿಂತ ಜಾಸ್ತಿ!

ನದಿ ಸಮುದ್ರ ಸೇರುವಲ್ಲಿ ಹೂಳು ಕೂತು ಮುಖಜ ಭೂಮಿ ಹುಟ್ಟುತ್ತದೆ. ಅದು ಸುಮ್ನೆ ಉಳಿಯುವುದಿಲ್ಲ. ತನ್ನ ಭಾರಕ್ಕೆ ತಾನೇ ಕುಸಿಯುತ್ತಿರುತ್ತದೆ, ಅಲೆಗಳೂ ಕೊರೆಯುತ್ತಿರುತ್ತವೆ. ಹೊಸ ಹೂಳು ಬರುತ್ತಲೇ ಇರಬೇಕು. ನೈಲ್ ನದಿಗೆ ಕಟ್ಟಿದ ಆಸ್ವಾನ್ ಹೈ ಡ್ಯಾಂ 1970ರಲ್ಲಿ ಮುಗಿದ ಮೇಲೆ ಹೂಳು ಜಲಾಶಯದಲ್ಲೇ ನಿಂತಿತು, ಕೆಳಗಿನ ಕಡಲಂಚು ಕೊರೆತಕ್ಕೆ ಸಿಕ್ಕಿತು. ಇಂಥ ಕಡೆ ಬದುಕುವ ಜನ ಅಪಾರ. ಅಣೆಕಟ್ಟಿನ ಲೆಕ್ಕದಲ್ಲಿ ನೀರಿನ ಜೊತೆ ಹೂಳನ್ನೂ ಸೇರಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಅದಕ್ಕೇ.

ಇದರ ಉಲ್ಟಾ ಕೂಡ ನಡೆದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಹಳೆಯ ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಒಡೆದು ತೆಗೆದರು. ದಶಕಗಟ್ಟಲೆ ಅವುಗಳ ಹಿಂದೆ ನಿಂತಿದ್ದ ಹೂಳು ಕೆಳಗಿಳಿಯಿತು. ಬರೀ ದಪ್ಪ ಕಲ್ಲುಗಳೇ ಉಳಿದಿದ್ದ, ವರ್ಷವರ್ಷವೂ ಹಿಂದೆ ಸರಿಯುತ್ತಿದ್ದ ನದೀಮುಖದಲ್ಲಿ ಕೆಲವೇ ವರ್ಷಗಳಲ್ಲಿ ಹೊಸ ಮರಳ ದಂಡೆ ಬೆಳೆಯಿತು. ಈಗ ಅಲೆಗಳು ಆ ಮರಳನ್ನು ತೀರದುದ್ದಕ್ಕೂ ಸರಿಸುತ್ತಿವೆ.