ಮುಳ್ಳು ಕುಣಿದ ಕೂಡಲೇ ಗೇಜ್ ಬಿಚ್ಚಬೇಡಿ

ನಮಸ್ಕಾರ.

ಹಳೆ ಜೀಪು, ಹಳೆ ಕಾರು ಇಟ್ಟುಕೊಂಡವರು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇನ್ನೂ ಇದ್ದಾರೆ. ಅವರದ್ದೊಂದು ದೂರು, ಎಂಜಿನ್ನಿನ ಬಿಸಿ ತೋರಿಸುವ ಟೆಂಪರೇಚರ್ ಗೇಜಿನ ಮುಳ್ಳು ನಿಂತಲ್ಲಿ ನಿಲ್ಲುವುದಿಲ್ಲ ಅಂತ. ಚೆರ್ಕಳ ಬಿಡುವಾಗ ಸರಿ ಇರುತ್ತದೆ, ಆದೂರು ದಾಟುವಾಗ ಮೇಲೆ ಹೋಗುತ್ತದೆ, ಜಾಲ್ಸೂರು ಮುಟ್ಟುವಾಗ ಸೊನ್ನೆಗೆ ಬಿದ್ದಿರುತ್ತದೆ. ಗಾಡಿಯನ್ನು ಸೀದಾ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯುತ್ತಾರೆ. ಅವರು ಫ್ಯೂಸ್ ನೋಡುತ್ತಾರೆ, ಅರ್ತ್ ನೋಡುತ್ತಾರೆ. ಪಾಪ, ಅವರಾದರೂ ಏನು ಮಾಡಿಯಾರು? ಆ ಗೇಜಿಗೆ ಕರೆಂಟೇ ಬೇಡ.

ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಹಾಕಿ ನೋಡಿ. ಗೇಜಿನ ಬೆನ್ನಿಂದ ಸಪೂರದ ಲೋಹದ ಕೊಳವೆಯೊಂದು ಎಂಜಿನ್ ತನಕ ಹೋಗಿದ್ದರೆ ಅದು ಮೆಕ್ಯಾನಿಕಲ್ ಗೇಜ್. (ಜೊತೆಗೆ ವಯರ್ ಕಂಡರೆ ಅದು ರಾತ್ರಿಯ ಬೆಳಕಿಗೆ ಮಾತ್ರ.) ಕೊಳವೆಯ ಆ ತುದಿಯಲ್ಲಿ ಒಂದು ಬಲ್ಬ್ ಇದೆ. ಉರಿಯುವ ಬಲ್ಬಲ್ಲ, ಬಾಯಿ ಮುಚ್ಚಿದ ಸಣ್ಣ ಲೋಹದ ನಳಿಗೆ. ಅದು ಎಂಜಿನ್ನಿನ ನೀರಲ್ಲಿ ಮುಳುಗಿರಬೇಕು. ಒಳಗೆ ಸಾಧಾರಣ ಈಥರ್ ಇರುತ್ತದೆ. ಈಥರ್ ಸುಮಾರು 35 ಡಿಗ್ರಿಗೇ ಕುದಿಯುವ ದ್ರವ, ನಮ್ಮ ಏಪ್ರಿಲ್ ಸೆಕೆಯೇ ಅದಕ್ಕೆ ಜಾಸ್ತಿ. ನೀರು ಬಿಸಿಯಾದಂತೆ ಅದರ ಆವಿಯ ಒತ್ತಡ ಏರುತ್ತದೆ. ಆ ಒತ್ತಡ ಕೊಳವೆಯಲ್ಲಿ ಬಂದು ಗೇಜಿನೊಳಗಿರುವ ಬಾಗಿದ ಬೂರ್ಡನ್ ಟ್ಯೂಬನ್ನು, ಮಕ್ಕಳು ಊದುವ ಜಾತ್ರೆಯ ಸುರುಳಿ ಪೀಪಿಯ ಹಾಗೆ, ಒಂಚೂರು ಬಿಡಿಸುತ್ತದೆ. ಮುಳ್ಳು ತಿರುಗುತ್ತದೆ. ಇಷ್ಟೇ ಕತೆ.

ಹಾಗಾಗಿ ಮುಳ್ಳು ಹೇಗೆ ಕುಣಿಯುತ್ತದೆ ಅಂತ ಮೊದಲು ನೋಡಬೇಕು. ನೀರು ಕ್ಷಣದಲ್ಲಿ ಬಿಸಿಯಾಗಿ ಕ್ಷಣದಲ್ಲಿ ತಣಿಯುವುದಿಲ್ಲ ಅಲ್ವಾ? ಗುಂಡಿಗೆ ಇಳಿದಾಗಲೆಲ್ಲ ಮುಳ್ಳು ಹಾರಿದರೆ ನೀರಿನ ತಪ್ಪಲ್ಲ, ಗೇಜಿನೊಳಗೆ ಮುಳ್ಳೋ ಹಲ್ಲೋ ಸಡಿಲವಾಗಿದೆ. ಗಾಜಿಗೆ ಬೆರಳಿಂದ ತಟ್ಟಿದಾಗ ಜಾಗ ಬದಲಾದರೆ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ನಿಧಾನವಾಗಿ ಏರಿ ಇಳಿಯುತ್ತಿದ್ದರೆ ಗೇಜ್ ಸತ್ಯವನ್ನೇ ಹೇಳುತ್ತಿರಬಹುದು. ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟ) ಮೊದಲು ತೆರೆಯುವಾಗ ಒಂದೆರಡು ಸಲ ಹೀಗಾಗುವುದು ಸಹಜ. ಆಮೇಲೂ ನಿಲ್ಲದಿದ್ದರೆ ಥರ್ಮೋಸ್ಟಾಟ್ ಸಿಕ್ಕಿಕೊಳ್ಳುತ್ತಿದೆ, ಇಲ್ಲವೇ ನೀರು ಕಡಿಮೆಯಾಗಿದೆ, ಇಲ್ಲವೇ ಒಳಗೆ ಗಾಳಿ ನಿಂತಿದೆ.

ನನ್ನ ಪ್ರಕಾರ ಹೆದರಬೇಕಾದ್ದು ಈ ಗಾಳಿಗೇ. ಬಲ್ಬಿನ ಸುತ್ತ ನೀರಿಲ್ಲದಿದ್ದರೆ ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಏರಿನಲ್ಲಿ ಮುಳ್ಳು ಇಳಿಯಿತು ಅಂತ ಸಮಾಧಾನದಿಂದ ಗ್ಯಾಸ್ ಒತ್ತುವವರು ಉಂಟು! ಎಂಜಿನ್ ಪೂರಾ ತಣಿದ ಮೇಲೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಗಾಡಿಯ ಮೂತಿ ಏರಿನ ಕಡೆಗಿರಲಿ. ನೀರು ತುಂಬಿಸಿ, ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆಯುವ ತನಕ ನಿಂತಲ್ಲೇ ಎಂಜಿನ್ ಸುಮ್ನೆ ಓಡಲು ಬಿಡಿ. ಗುಳ್ಳೆ ಬರುತ್ತದೆ, ನೀರು ಇಳಿಯುತ್ತದೆ, ಮತ್ತೆ ತುಂಬಿಸಬೇಕು.

ಗೇಜನ್ನೇ ಪರೀಕ್ಷಿಸಬೇಕಾದರೆ ಬಲ್ಬನ್ನು ಕುದಿಯುವ ನೀರಿಗೆ ಇಳಿಸಬೇಕು. ಕಾಸರಗೋಡು ಕಡಲ ಬದಿ, ಇಲ್ಲಿ ನೀರು ಕುದಿಯುವುದು 100ಕ್ಕೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಯಲ್ಲಿ ಇದೇ ಕೆಲಸ ಮಾಡಿದರೆ ಸುಮಾರು 96. ಅಂಕಿಯನ್ನು ಗಮನಿಸಿ, ಹಳೆ ಗೇಜುಗಳಲ್ಲಿ ಫ್ಯಾರನ್‌ಹೀಟ್ ಜಾಸ್ತಿ. 180 ಕಂಡು ಹೌಹಾರಬೇಡಿ, ಅದು ನಮ್ಮ ಸೆಲ್ಸಿಯಸ್ಸಿನ 82. ಇಲ್ಲಿನ ಕುದಿನೀರಲ್ಲಿ 212 ತೋರಿಸಿದರೆ ಗೇಜ್ ಸರಿ ಇದೆ. ಅದೇ ಪಾತ್ರೆಗೆ ಥರ್ಮೋಸ್ಟಾಟನ್ನೂ ದಾರ ಕಟ್ಟಿ ಇಳಿಬಿಟ್ಟು ನೋಡಬಹುದು, ಎಷ್ಟಕ್ಕೆ ತೆರೆಯಬೇಕು ಅಂತ ಅದರ ಮೇಲೇ ಕೊರೆದಿರುತ್ತದೆ.

ಬಲ್ಬ್ ಬಿಚ್ಚುವಾಗ ಮಾತ್ರ ಅವಸರ ಬೇಡ. ನಮ್ಮ ಉಪ್ಪುಗಾಳಿಗೆ ಬಲ್ಬನ್ನು ಹಿಡಿದಿಡುವ ನಟ್ಟು ಹಸಿರು ಕಿಲುಬು ಹಿಡಿದು ಕೊಳವೆಗೇ ಅಂಟಿಕೊಂಡಿರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಕೊಳವೆಯೂ ತಿರುಚಿ, ಬುಡದಲ್ಲೇ ಲಟಕ್ಕೆಂದು ಮುರಿಯುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಒಂದು ಕೈಯಲ್ಲಿ ಕೊಳವೆ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ಸಡಿಲಿಸಿ. ಮಧ್ಯದಲ್ಲಿ ಕೊಳವೆಯನ್ನು ಸುರುಳಿ ಸುತ್ತಿರುವುದು ಎಂಜಿನ್ನಿನ ನಡುಕ ತಾಳಲಿ ಅಂತ, ಅದನ್ನು ನೇರ ಮಾಡಬೇಡಿ. ಅದು ತಗಡು ದಾಟುವಲ್ಲಿ ರಬ್ಬರ್ ಇದೆಯಾ ನೋಡಿ, ಇಲ್ಲದಿದ್ದರೆ ಉಜ್ಜಿ ಉಜ್ಜಿ ತೂತಾಗುತ್ತದೆ.

ತೂತಾದರೆ ಈಥರ್ ಹೋಯಿತು, ಮುಳ್ಳು ಸೊನ್ನೆಯಲ್ಲೇ ಮಲಗುತ್ತದೆ. ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕಲು ಹೊರಡಬೇಡಿ, ಈಥರಿನ ಆವಿಗೆ ಒಂದು ಕಿಡಿ ಸಾಕು. ಬಲ್ಬ್ ಸಮೇತ ಕೊಳವೆ ಬದಲಾಯಿಸಿ ಕೊಡುವ ಗೇಜ್ ರಿಪೇರಿಯವರಿಗೇ ಕೊಡಿ. ಅದು ಬರುವ ತನಕ ಡ್ಯಾಶ್‌ಬೋರ್ಡ್ ಕೆಳಗೆ ಬೇರೊಂದು ಗೇಜ್ ಕಟ್ಟಿಕೊಂಡು ಓಡಿಸಿ, ಘಾಟಿ ಹತ್ತುವುದಿದ್ದರಂತೂ ಖಂಡಿತ.

ನಮಸ್ಕಾರ.