ಎಡಗಡೆ ಕ್ಯಾಲಿಪರ್ ಮತ್ತು ಒಂದು ರಬ್ಬರ್ ಬೂಟಿನ ಕಥೆ

ನಮಸ್ಕಾರ್ರೀ ಎಲ್ಲರಿಗೂ. ಎಷ್ಟು ದಿನದ ಮೇಲೆ ಬೆಳಗಾವಿಯಲ್ಲಿ ಬಿಸಿಲು ಬಿದ್ದಿದೆ ನೋಡಿ. ಹಿಂದೆ ಹಗ್ಗದ ಮೇಲೆ ಕಾಣುತ್ತಿರುವುದು ನಮ್ಮ ಮನೆಯ ಅಷ್ಟೂ ಚಾದರ. ಬಿಸಿಲು ಕಂಡ ಕೂಡಲೇ ಅವ್ವ ಚಾದರ ಒಗೆದು ಹಾಕಿದಳು, ನಾನು ಕಾರಿನ ಗಾಲಿ ಬಿಚ್ಚಿದೆ.

ಬಿಚ್ಚುವುದನ್ನು ಹೇಳುವುದಿಲ್ಲ, ಕಾಣುತ್ತಿದೆಯಲ್ಲ. ಜಾಕ್ ಒಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇಡಿ, ಅಷ್ಟೇ. ನನ್ನ ಕಾರಿಗೆ ಹಿಂದೆ ಡ್ರಮ್ ಬ್ರೇಕ್. ಅಂದರೆ ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್ ಇರುವುದು ಮುಂದೆ ಎರಡೇ. ಅವೆರಡನ್ನೂ ಉಜ್ಜಿ ಸ್ವಚ್ಛ ಮಾಡುವ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತದೆ ಅಂದುಕೊಂಡಿದ್ದೆ.

ಈಗ ಇದನ್ನು ನೋಡಿ. ಮೊದಲು ಇದರ ಬಣ್ಣ ಏನಿತ್ತೋ ನನಗೂ ನೆನಪಿಲ್ಲ. ಕಪ್ಪಗೆ ಅಂಟಿರುವುದು ಪ್ಯಾಡ್ ಸವೆದು ಉದುರಿದ ಪುಡಿ. ಡಿಸ್ಕಿನ ಕಬ್ಬಿಣವೂ ಅದರಲ್ಲಿ ಸೇರಿರುತ್ತದೆ. ಮಳೆಗೆ ಆ ಪುಡಿಯೇ ತುಕ್ಕು ಹಿಡಿದು, ಜಾಂಬೋಟಿ ಕಡೆಯ ಕೆಂಪು ಮಣ್ಣೂ ಕೂಡಿಕೊಂಡು, ಗೋಡೆಗೆ ಗಿಲಾವು ಮಾಡಿದ ಹಾಗೆ ಕೂತಿದೆ. ಈ ಮಳೆಗಾಲದಲ್ಲಿ ಎರಡು ಸಲ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ ಬಂದೆ. ಆ ವಿಡಿಯೋ ಇನ್ನೂ ಎಡಿಟ್ ಆಗಿಲ್ಲ, ದಯವಿಟ್ಟು ಕೇಳಬೇಡಿ.

ಫ್ರೇಮಿನಲ್ಲಿ ಬರೀ ಎರಡು ಕಾಲು ಕಾಣುತ್ತಿವೆಯಲ್ಲ, ಅವು ಪಕ್ಕದ ಮನೆಯ ಕಾಕಾ ಅವರವು. ಉದ್ಯಮಬಾಗಿನ ಫೌಂಡ್ರಿಯಲ್ಲಿ ದುಡಿದು ರಿಟೈರ್ ಆದವರು. "ಬೀಡುಕಬ್ಬಿಣ ಅದ ತಮ್ಮಾ ಇದು. ಜಂಗು ಹಿಡಿಯೂದ ಅದರ ಜಾತಿ. ಮ್ಯಾಲ ಹಿಡಿದ್ರ ಏನೂ ಆಗೂದಿಲ್ಲ, ಒಳಗ ನೋಡು" ಅಂದು ಹೋಗಿಬಿಟ್ಟರು. ಆಗ ಸುಮ್ನೆ ನಕ್ಕೆ.

ಉಜ್ಜುವುದಕ್ಕೆ ಹಿತ್ತಾಳೆ ತಂತಿಯ ಬ್ರಷ್. ಮುಖಕ್ಕೆ ಮಾಸ್ಕ್. ಈ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಮಾಡಿಯೇ ತೆಗೆಯಿರಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದರೆ ನೋಡಿ, ಚಹಾ ಸೋಸಿದ ಹಾಗೆ ಇಳಿಯುತ್ತದೆ. ಪೆಟ್ರೋಲು, ಡೀಸೆಲ್ ಹಾಕಿ ತೊಳೆಯುವವರು ಇದ್ದಾರೆ. ಬೇಡ. ಇಲ್ಲಿನ ರಬ್ಬರಿಗೆ ಅದು ಆಗಿಬರುವುದಿಲ್ಲ, ಉಬ್ಬುತ್ತದೆ.

ಉಬ್ಬುವ ಮಾತು ಬಂತಲ್ಲ, ಈಗ ನನ್ನ ಹೊಟ್ಟೆಯುರಿ ಕೇಳಿ.

ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಪಿಸ್ಟನ್ ಇರುವುದು ಒಳಗಿನ ಒಂದೇ ಬದಿಗೆ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಜಾರಿ ಬಂದು ಹೊರಗಿನ ಪ್ಯಾಡನ್ನೂ ಎಳೆದು ಹಿಡಿಯುತ್ತದೆ. ಮೇಲಿನ ಪಿನ್ನು ಎರಡು ಬೆರಳಿಗೆ ಜಾರಿತು. ಕೆಳಗಿನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಲವತ್ತು ನಿಮಿಷ! ನಿಮಗೆ ಹತ್ತು ಸೆಕೆಂಡಿನಲ್ಲಿ ಓಡಿಸಿದ್ದೇನೆ. ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿ, ಸ್ವಲ್ಪ ಎಳೆದು, ಮತ್ತೆ ತಿರುಗಿಸಿ. ಕೊನೆಗೆ ಪುಸಕ್ಕಂತ ಬಂತು. ಪಿನ್ನಿಗೆ ನೀರು, ಧೂಳು ಹೋಗದ ಹಾಗೆ ಹಾಕುವ ಅದರ ರಬ್ಬರ್ ಬೂಟು ನೋಡಿ, ನೆನೆಸಿಟ್ಟ ಕಡಲೆಯ ಹಾಗೆ ಊದಿಕೊಂಡಿದೆ. ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿದವರು ಇಲ್ಲಿ ಮಾಮೂಲಿ ಹಳದಿ ಗ್ರೀಸ್ ಮೆತ್ತಿದ್ದಾರೆ. ಇಲ್ಲಿಗೆ ರಬ್ಬರಿಗೆ ಒಗ್ಗುವ ಸಿಲಿಕೋನ್ ಗ್ರೀಸೇ ಬೇಕು. ಕ್ಯಾಲಿಪರ್ ಜಾರದೆ ಒಳಗಿನ ಪ್ಯಾಡೇ ಉಜ್ಜಿ ಉಜ್ಜಿ ಹೊರಗಿನದಕ್ಕಿಂತ ಅರ್ಧಕ್ಕರ್ಧ ಸವೆದಿದೆ. ಘಾಟ್ ಇಳಿದಾಗ ಎಡಗಡೆ ಗಾಲಿ ಯಾಕೆ ಜಾಸ್ತಿ ಸುಡುತ್ತಿತ್ತು ಅಂತ ಈಗ ಗೊತ್ತಾಯಿತು.

ಬೂಟು ತರಲು ಹೋದೆ. ಅಂಗಡಿಯವರು ಕ್ಯಾಮೆರಾ ಬೇಡ ಅಂದರು, ಅದಕ್ಕೆ ಶಾಟ್ ಇಲ್ಲ. ನನಗೆ ಬೇಕಾದದ್ದು ಹೆಬ್ಬೆರಳಿನಷ್ಟು ಒಂದು ರಬ್ಬರ್. "ಬಿಡಿ ಸಿಗೂದಿಲ್ರೀ, ಕಿಟ್ಟೇ ತಗೋಬೇಕು." ಕಿಟ್ಟಿಗೆ 640 ರೂಪಾಯಿ! ಒಂದೇ ಒಂದು ಕೊಡಿ ಅಂದೆ. ಇಲ್ಲ. ಹಳೆಯದಿದ್ದರೆ ಕೊಡಿ ಅಂದೆ. ನಕ್ಕರು. ಆ ದುಡ್ಡಿಗೆ ಹೆಚ್ಚೂ ಕಡಿಮೆ ಒಂದು ಕಿಲೋ ಕುಂದಾ ಬರುತ್ತದೆ. ದಾರಿಯುದ್ದಕ್ಕೂ ಅದೇ ಲೆಕ್ಕ ಹಾಕುತ್ತಾ ಬಂದೆ. ಕಿಟ್ ಒಡೆದರೆ ಪಿಸ್ಟನ್ನಿನ ಸೀಲೂ ಇದೆ, ಇನ್ನೂ ಮೂರು ಬೂಟೂ ಇವೆ. ಬಲಗಡೆಗೂ ಆಗುತ್ತವೆ. ಹಾಗೆ ನೋಡಿದರೆ ತುಟ್ಟಿ ಏನಲ್ಲ. ಆದರೂ ತುಟ್ಟಿಯೇ.

ಪೇಂಟೂ ಅಲ್ಲೇ ತಂದೆ, ಬಿಸಿ ತಡೆಯುವಂಥದ್ದು. ಕೆಂಪು ಕ್ಯಾಲಿಪರ್ ಅಂದರೆ ಬರೀ ಶೋಕಿ ಅಂತ ನಾನೇ ಹಳೆಯ ವಿಡಿಯೋದಲ್ಲಿ ಬೈದಿದ್ದೇನೆ. ಸಿಲ್ವರ್ ಕೇಳಿದರೆ ಅವರ ಹತ್ತಿರ ಇದ್ದದ್ದು ಕೆಂಪು, ಹಳದಿ ಎರಡೇ. "ಎರಡೂ ಒಯ್ರಿ, ನವೆಂಬರ್ ಒಂದಕ್ಕ ಚನ್ನಮ್ಮ ಸರ್ಕಲ್ಲಿಗೆ ಬರಾಕ ಗಾಡಿ ರೆಡಿ ಆಕ್ಕೈತಿ" ಅಂದರು. ಮಾತು ಚೆನ್ನಾಗಿತ್ತು, ಆದರೆ ಕೆಂಪು ಮಾತ್ರ ತಗೊಂಡೆ.

ಪಿನ್ನಿಗೆ ಗ್ರೀಸ್, ಹೊಸ ಬೂಟು, ಈಗ ಬೆಣ್ಣೆಯ ಹಾಗೆ ಜಾರುತ್ತಿದೆ. ಪಿಸ್ಟನ್ನನ್ನು ನಿಧಾನಕ್ಕೆ ಹಿಂದೆ ಒತ್ತಿ. ಮೇಲೆ ಆಯಿಲ್ ಡಬ್ಬಿ ತುಂಬಿ ಚೆಲ್ಲದ ಹಾಗೆ ನೋಡಿಕೊಳ್ಳಿ, ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನೇ ತಿಂದುಬಿಡುತ್ತದೆ. ಪೇಂಟ್ ಹಚ್ಚುವಾಗ ಡಿಸ್ಕು, ರಬ್ಬರು, ಗಾಳಿ ತೆಗೆಯುವ ನಿಪ್ಪಲ್, ಪ್ಯಾಡ್ ಕೂರುವ ಜಾಗ ಎಲ್ಲಕ್ಕೂ ಟೇಪ್. ತೆಳ್ಳಗೆ ಎರಡು ಕೈ ಸಾಕು. ಅಯ್ಯೋ, ಚೆಂದ ಕಾಣುತ್ತಿದೆ ಅಲ್ವಾ? ಬೈದ ಮಾತು ವಾಪಸ್ ತಗೊಂಡೆ.

ಗಾಡಿ ಶುರು ಮಾಡುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ, ಒತ್ತಿ, ಒತ್ತಿ. ಇಲ್ಲದಿದ್ದರೆ ಮೊದಲನೇ ಬ್ರೇಕ್ ನೆಲಕ್ಕೆ ಹೋಗುತ್ತದೆ, ಗಾಡಿ ಕಾಂಪೌಂಡಿಗೆ ಹೋಗುತ್ತದೆ.

ಈಗ ಬಲಗಡೆ... ಈ ಸದ್ದು ಕೇಳಿಸಿತಾ? ತಾಡಪತ್ರಿ ಮೇಲೆ ಹನಿ ಬಿದ್ದದ್ದು. ಪೇಂಟ್ ಇನ್ನೂ ಹಸಿ. ಚಾದರ ತೆಗೀಯೋ ಅಂತ ಅವ್ವ ಒಳಗಿನಿಂದ ಕೂಗುತ್ತಿದ್ದಾಳೆ. ಬಲಗಡೆಯದು ಮುಂದಿನ ಬಿಸಿಲಿಗೆ. ಬಂದೆ ಅವ್ವಾ!